ಸಹಾಯ ಬೇಕು: ಸಿಗಡಿ ಹೊಂಡದಲ್ಲಿ ಒಳ್ಳೆ ಪಾಚಿ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಬೋರ್‌ವೆಲ್ ನೀರಿನ ಹೊಂಡ. ಸಿಹಿನೀರಿನ ಸಿಗಡಿ ಬಿಟ್ಟಿದ್ದೇವೆ. ಮೊದಲು ನೀರು ತಿಳಿ ಕಂದು ಬಣ್ಣದಲ್ಲಿ ಚೆನ್ನಾಗಿತ್ತು, ಡಯಾಟಮ್ (ಕಂದು ಬಣ್ಣದ ಸೂಕ್ಷ್ಮ ಪಾಚಿ) ಜಾಸ್ತಿ ಇತ್ತು ಅನ್ನಿಸುತ್ತದೆ. ಈಗ ಗಾಳಿ ತಳ್ಳುವ ಕಡೆ ದಡದಲ್ಲಿ ನೀಲಿ-ಹಸಿರು ಕೆನೆ ಕಟ್ಟುತ್ತಿದೆ. ಮುಟ್ಟಿದರೆ ಪೇಂಟ್ ತರಹ ಬೆರಳಿಗೆ ಅಂಟುತ್ತದೆ, ಮಣ್ಣಿನ ವಾಸನೆ ಬೇರೆ. ಬೆಳಗಿನ ಜಾವ ಸಿಗಡಿಗಳು ದಡಕ್ಕೆ ಬಂದು ನಿಲ್ಲುತ್ತವೆ. ರಾತ್ರಿ ಪಾಚಿಯೂ ಆಕ್ಸಿಜನ್ ಬಳಸುತ್ತದಲ್ಲ, ಅದಕ್ಕೇ ಇರಬೇಕು. ಸಂಜೆ ಪಿಎಚ್ 9 ದಾಟುತ್ತಿದೆ.

ಪಾಚಿ ಸಾಯಿಸುವ ಔಷಧಿ ದಯವಿಟ್ಟು ಹೇಳಬೇಡಿ. ಎಲ್ಲ ಒಟ್ಟಿಗೆ ಸತ್ತು ಕೊಳೆತರೆ ಆಕ್ಸಿಜನ್ ಇನ್ನೂ ಕುಸಿಯುತ್ತದೆ. ಅಮೋನಿಯಾ ಹೀರಿಕೊಳ್ಳುವುದೂ ಪಾಚಿಯೇ ಅಲ್ವಾ? ಡಯಾಟಮ್ ಅಥವಾ ಕ್ಲೋರೆಲ್ಲಾ (ಹಸಿರು ಸೂಕ್ಷ್ಮ ಪಾಚಿ) ಮತ್ತೆ ಹೆಚ್ಚಾಗಬೇಕು, ಅಷ್ಟೇ. ಮೇವು ಕಡಿಮೆ ಮಾಡಿದ್ದೇವೆ. ಕರೆಂಟ್ ಇದ್ದಷ್ಟು ಹೊತ್ತು ರಾತ್ರಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸುತ್ತಿದ್ದೇವೆ.

ಡಯಾಟಮ್ ಬೆಳೆಯಲು ಸಿಲಿಕಾ ಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಯಾರಾದರೂ ಸಿಲಿಕೇಟ್ ಹಾಕಿ ನೋಡಿದ್ದೀರಾ? ನಮ್ಮ ಗಡಸು ನೀರಿಗೆ ಎಷ್ಟು ಹಾಕಬಹುದು? ಹೊಂಡಕ್ಕೆ ಬಿಡಲು ಶುದ್ಧ ಪಾಚಿ ಎಲ್ಲಿ ಸಿಗುತ್ತದೆ? ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಯಾವ ಪಾಚಿ ಅಂತ ಹೇಳುವವರು ಹತ್ತಿರದಲ್ಲಿದ್ದರೆ ತಿಳಿಸಿ, ಬಾಟಲಿಯಲ್ಲಿ ನೀರು ನಾನೇ ತಂದುಕೊಡುತ್ತೇನೆ.