ಜೆನೆಟಿಕ್ ಟೆಸ್ಟ್ ಮಾಡಿಸಿ ಏನುಪಯೋಗ ಅಂತ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಮಗಳು ಕಲಿಕೆಯಲ್ಲಿ ತುಂಬಾ ಹಿಂದೆ, ಕಾರಣ ಗೊತ್ತಾಗುತ್ತಿಲ್ಲ, ಜೆನೆಟಿಕ್ ಟೆಸ್ಟ್ ಮಾಡಿಸಿದರೆ ಔಷಧಿ ಸಿಗುತ್ತಾ ಅಂತ ನಿನ್ನೆ ಒಬ್ಬರು ಕೇಳಿದ್ದರು. ಔಷಧಿ ಸಿಗುವುದು ಅಪರೂಪ. ಆದರೂ ಮಾಡಿಸಿ ಅಂತಲೇ ನಾನು ಹೇಳೋದು.

ನಾವಿರುವುದು ಇಂಗ್ಲೆಂಡಿನಲ್ಲಿ. ಮಗನಿಗೆ 3 ತುಂಬಿದರೂ ಎರಡು ಪದ ಜೋಡಿಸಿ ಮಾತಾಡುತ್ತಿರಲಿಲ್ಲ. ನರ್ಸರಿಯವರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಅಂದರು. ಪೆದ್ದರ ಹಾಗೆ ಒಂದು ವರ್ಷ ಕನ್ನಡ ಬಿಟ್ಟೆವು. ಎರಡು ಭಾಷೆಯಿಂದ ಮಕ್ಕಳ ಬುದ್ಧಿ ಹಿಂದೆ ಬೀಳುವುದಿಲ್ಲ ಅಂತ ಆಮೇಲೆ ಸ್ಪೀಚ್ ಥೆರಪಿಸ್ಟ್ ಹೇಳಿದರು. ಅಷ್ಟರಲ್ಲಿ ಊರಲ್ಲಿ ಅಜ್ಜಿ ಮೊಮ್ಮಗನಿಗೋಸ್ಕರ 'ಹೌ ಆರ್ ಯೂ' ಕಲಿತಾಗಿತ್ತು, ಪಾಪ.

ಮೊದಲು ಮೈಕ್ರೋಅರೇ ಮಾಡಿದರು. ಕ್ರೋಮೋಸೋಮಿನ ಚೂರು ಎಲ್ಲಾದರೂ ಕಳೆದಿದೆಯಾ, ಜಾಸ್ತಿ ಇದೆಯಾ ಅಂತ ಅದರಲ್ಲಿ ನೋಡುತ್ತಾರೆ. ಫ್ರಜೈಲ್ ಎಕ್ಸ್ ಅಂದರೆ ಎಕ್ಸ್ ಕ್ರೋಮೋಸೋಮಿನ ಒಂದು ಜೀನ್‌ನ ದೋಷದಿಂದ ಕಲಿಕೆ ಹಿಂದೆ ಬೀಳುವ ಕಾಯಿಲೆ, ಅದಕ್ಕೆ ಬೇರೆಯೇ ಟೆಸ್ಟ್. ಎರಡೂ ನಾರ್ಮಲ್. ಆಮೇಲೆ ಇಡೀ ಜೀನೋಮ್, ಅಂದರೆ ಮೈಯಲ್ಲಿರುವ ಡಿಎನ್‌ಎ ಪೂರ್ತಿ ಓದುವ ಟೆಸ್ಟ್. ಅದಕ್ಕೆ ನಮ್ಮ ಮೂವರ ರಕ್ತವೂ ಬೇಕಾಯಿತು.

ಫಾರ್ಮಿನಲ್ಲಿ ಒಂದು ಪ್ರಶ್ನೆ: ನೀವಿಬ್ಬರೂ ರಕ್ತಸಂಬಂಧಿಗಳಾ? ನನ್ನ ಯಜಮಾನರು ನನ್ನ ಸೋದರತ್ತೆ ಮಗ. ಪೆನ್ನು ಅಲ್ಲೇ ನಿಂತಿತು. 'ನೋ ಅಂತ ಹಾಕ್ಬಿಡು' ಅಂತ ಇವರು ಮೆಲ್ಲಗೆ ಅಂದರು. ನಾನು ಯೆಸ್ ಹಾಕಿದೆ. ನೀವೂ ಮುಚ್ಚಿಡಬೇಡಿ. ಒಳಸಂಬಂಧದಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ದೋಷ ಬರುವ ಸಾಧ್ಯತೆ ಜಾಸ್ತಿ, ಅದು ಗೊತ್ತಿದ್ದರೆ ಲ್ಯಾಬಿನವರು ಅದನ್ನೂ ಮನಸ್ಸಿನಲ್ಲಿಟ್ಟು ಹುಡುಕುತ್ತಾರೆ. ಸುಮ್ನೆ ಮುಚ್ಚಿಟ್ಟರೂ ಮೈಕ್ರೋಅರೇಯಲ್ಲೇ ಸುಳಿವು ಸಿಗಬಹುದು!

ಹತ್ತು ತಿಂಗಳಿಗೆ ಉತ್ತರ ಬಂತು. ಎಎನ್‌ಕೆಆರ್‌ಡಿ11 ಅನ್ನುವ ಜೀನ್‌ನಲ್ಲಿ ಬದಲಾವಣೆ, ಅದರಿಂದ ಕೆಬಿಜಿ ಸಿಂಡ್ರೋಮ್ ಅನ್ನುವ, ಮಾತು-ಕಲಿಕೆ ನಿಧಾನವಾಗುವ ಅಪರೂಪದ ಸಮಸ್ಯೆ. ನಮ್ಮಿಬ್ಬರಲ್ಲೂ ಆ ಬದಲಾವಣೆ ಇಲ್ಲ, ಅವನಲ್ಲೇ ಹೊಸದಾಗಿ ಆದದ್ದು. ನಮ್ಮ ಮದುವೆಗೂ ಇದಕ್ಕೂ ಏನೂ ಸಂಬಂಧವಿಲ್ಲ. 'ನಾನೇ ಹಠ ಮಾಡಿ ಮಾಡಿಸಿದ ಮದುವೆ' ಅಂತ ವರ್ಷಗಟ್ಟಲೆ ಕೊರಗಿದ್ದ ಅತ್ತೆಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಎಷ್ಟೋ ಹೊತ್ತು ಮಾತೇ ಇಲ್ಲ.

ಹಾಲುಹಲ್ಲು ಬಿದ್ದ ಮೇಲೆ ಅವನಿಗೆ ಮುಂದೆ ಎರಡು ಅಗಲವಾದ ಹಲ್ಲು ಬಂದಿದ್ದವು. ಮಾವನವರ ಹಲ್ಲು ಅಂತ ನಾವು ನಗುತ್ತಿದ್ದೆವು. ಅದೂ ಈ ಸಿಂಡ್ರೋಮಿನ ಗುರುತಂತೆ. ಇಂಥ ಮಕ್ಕಳಲ್ಲಿ ಕಿವಿ ಕೇಳಿಸುವ ತೊಂದರೆ ಇರಬಹುದು ಅಂತ ಮತ್ತೆ ಪರೀಕ್ಷಿಸಿದರೆ, ಎಡಗಿವಿ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಟೆಸ್ಟ್ ಮಾಡಿಸದಿದ್ದರೆ ಇನ್ನೂ 'ಹೇಳಿದ ಮಾತು ಕೇಳಲ್ಲ' ಅಂತ ಗದರುತ್ತಿದ್ದೆವೇನೋ. ಎರಡನೇ ಮಗುವಿಗೂ ಹೀಗಾಗುವ ಸಾಧ್ಯತೆ ಸುಮಾರು ಶೇ. 1 ಅಂದರು.

ಎಲ್ಲರಿಗೂ ಉತ್ತರ ಸಿಗುವುದಿಲ್ಲ. ಕೆಲವು ರಿಪೋರ್ಟಿನಲ್ಲಿ ಬದಲಾವಣೆ ಇದೆ, ಅರ್ಥ ಸ್ಪಷ್ಟವಿಲ್ಲ ಅಂತ ಬರುತ್ತೆ. ಹೋಲಿಸಿ ನೋಡಲು ನಮ್ಮ ಕಡೆಯವರ ಜೀನೋಮ್ ಮಾಹಿತಿ ಕಮ್ಮಿ ಇರುವುದೂ ಇದಕ್ಕೆ ಒಂದು ಕಾರಣ. ಭಾರತದಲ್ಲೇ 10,000 ಜನರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯಿಂದ ಇದು ಸ್ವಲ್ಪ ಸುಧಾರಿಸಬಹುದು. ಅಮೆರಿಕದಲ್ಲಿರುವವರು ಇನ್ಶೂರೆನ್ಸ್ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ಏನೂ ಸಿಗದಿದ್ದರೆ ಒಂದೆರಡು ವರ್ಷ ಬಿಟ್ಟು ಮತ್ತೆ ನೋಡುತ್ತೀರಾ ಅಂತ ಕೇಳಿ. ಹಳೆಯ ಡೇಟಾ ಇಟ್ಟಿದ್ದರೆ ಅದನ್ನೇ ನೋಡಬಹುದು, ಮಗುವಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ.