ಹಳೆಯ ಟರ್ಬೊಪ್ರಾಪ್ ವಿಮಾನಗಳು ಜೆಟ್ ಎದುರು ಸೋತವಾ?

ರೆಕ್ಕೆಪುಕ್ಕ:
ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಟರ್ಬೊಪ್ರಾಪ್ ಅಂದರೆ ಪಿಸ್ಟನ್ ಎಂಜಿನ್ ಹೋಗಿ ಜೆಟ್ ಬರುವವರೆಗೆ ಹೇಗೋ ಕಾಲ ತಳ್ಳಿದ ವಿಮಾನ ಅಂತ ಬರೆಯುವವರೇ ಜಾಸ್ತಿ. ನಾನು ಇದನ್ನು ಒಪ್ಪೋದಿಲ್ಲ. ಬ್ರಿಟನ್ನಿನ ಟರ್ಬೊಪ್ರಾಪ್ ವಿಕರ್ಸ್ ವೈಕೌಂಟನ್ನೇ ನೋಡಿ. 1948ರಲ್ಲಿ ಮೊದಲ ಹಾರಾಟ. 1950ರಲ್ಲಿ ಲಂಡನ್–ಪ್ಯಾರಿಸ್ ನಡುವೆ ಪ್ರಯಾಣಿಕರನ್ನು ಹೊತ್ತು ಪ್ರಾಯೋಗಿಕವಾಗಿ ಹಾರಿತು. 1953ರಿಂದ ಪೂರ್ಣ ಸೇವೆ. ಒಟ್ಟು 440ಕ್ಕೂ ಹೆಚ್ಚು ತಯಾರಾದವು. ಅದೇ ಕಾಲದ ಕಾಮೆಟ್ ಜೆಟ್ 1952ರಲ್ಲಿ ಶುರುವಾಗಿ, ಲೋಹ ದಣಿದು ಒಡೆದದ್ದರಿಂದ 1954ರಲ್ಲಿ ನೆಲ ಹಿಡಿಯಿತು. ಆ ವರ್ಷಗಳಲ್ಲಿ ಟರ್ಬೈನ್ ಎಂಜಿನ್ ಮೇಲಿನ ನಂಬಿಕೆ ಉಳಿಸಿದ್ದು ವೈಕೌಂಟ್ ಅಂತ ನನ್ನ ಖಚಿತ ಅಭಿಪ್ರಾಯ.

ಮೋಡದಾಚೆ:
ಅಭಿಮಾನ ಸರಿ, ಆದರೆ ಇನ್ನೊಂದು ಟರ್ಬೊಪ್ರಾಪ್ ಬ್ರಿಸ್ಟಲ್ ಬ್ರಿಟಾನಿಯಾ ಕಥೆಯನ್ನೂ ಹೇಳಬೇಕಲ್ವಾ? ಬ್ರಿಟನ್ನಿನ ವಿಮಾನಸಂಸ್ಥೆ ಬಿಒಎಸಿ ಅದನ್ನು ಲಂಡನ್–ನ್ಯೂಯಾರ್ಕ್ ಮಾರ್ಗಕ್ಕೆ ಇಳಿಸಿದ್ದು 1957ರ ಡಿಸೆಂಬರ್‌ನಲ್ಲಿ. 1958ರ ಅಕ್ಟೋಬರ್‌ನಲ್ಲಿ ಅದೇ ಮಾರ್ಗಕ್ಕೆ ಕಾಮೆಟ್‌ನ ಸುಧಾರಿತ ರೂಪ ಕಾಮೆಟ್ 4 ಬಂತು. ಅದೇ ತಿಂಗಳು ಅಮೆರಿಕದ ವಿಮಾನಸಂಸ್ಥೆ ಪ್ಯಾನ್ ಆ್ಯಮ್ ಬೋಯಿಂಗ್ 707 ಜೆಟ್ ಹಾರಿಸಿತು. ಹತ್ತು ತಿಂಗಳು ತುಂಬುವ ಮೊದಲೇ ಬ್ರಿಟಾನಿಯಾ ಹಳತಾಯಿತು. ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ, ಮಳೆಮೋಡಗಳಿಗಿಂತ ಮೇಲೆ ಹಾರುವ ವಿಮಾನ ಸಿಕ್ಕ ಮೇಲೆ ಸಾಗರ ದಾಟುವವರು ಬೇರೆ ಯಾವುದನ್ನು ಯಾಕೆ ಹತ್ತುತ್ತಾರೆ?

ಸ್ಪ್ಯಾನರ್:
ಇಬ್ಬರೂ ಎಂಜಿನ್ ಒಳಗೆ ಇಣುಕಿ ನೋಡಿ. ಎರಡಕ್ಕೂ ಹೃದಯ ಒಂದೇ. ಗಾಳಿಯನ್ನು ಒತ್ತುವ ಕಂಪ್ರೆಸರ್, ಇಂಧನ ಉರಿಯುವ ಜಾಗ, ಬಿಸಿ ಗಾಳಿಗೆ ತಿರುಗುವ ಟರ್ಬೈನ್. ಶುದ್ಧ ಜೆಟ್‌ನಲ್ಲಿ ಟರ್ಬೈನ್ ತನ್ನ ಕಂಪ್ರೆಸರ್ ತಿರುಗಿಸುವಷ್ಟು ಶಕ್ತಿ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ. ಆ ರಭಸವೇ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಟರ್ಬೊಪ್ರಾಪ್‌ನಲ್ಲಿ ಆ ಉಳಿದ ಶಕ್ತಿಯ ಬಹುಪಾಲನ್ನೂ ಟರ್ಬೈನೇ ಹೀರಿ ಪ್ರೊಪೆಲ್ಲರ್‌ಗೆ ಕೊಡುತ್ತದೆ. ವೈಕೌಂಟ್‌ನ ರೋಲ್ಸ್ ರಾಯ್ಸ್ ಡಾರ್ಟ್ ನಿಮಿಷಕ್ಕೆ ಸುಮಾರು 15,000 ಸುತ್ತು ತಿರುಗುತ್ತಿತ್ತು, ಪ್ರೊಪೆಲ್ಲರ್ ಸುಮಾರು 1,400. ನಡುವಿನ ಗೇರ್‌ಬಾಕ್ಸ್ ಅಷ್ಟು ವೇಗ ಇಳಿಸಬೇಕು.

ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಇಂಧನ ಉಳಿಯುತ್ತದೆ. ಸ್ವಲ್ಪ ಗಾಳಿಯನ್ನು ಜೋರಾಗಿ ಎಸೆದರೆ ಶಕ್ತಿ ಪೋಲಾಗುತ್ತದೆ. ಪ್ರೊಪೆಲ್ಲರ್‌ನ ತೊಂದರೆ ಇರುವುದು ಬ್ಲೇಡಿನ ತುದಿಯಲ್ಲಿ. ಸೋವಿಯತ್ ಟರ್ಬೊಪ್ರಾಪ್ ಟು-114 ಅನ್ನು ಲೆಕ್ಕ ಹಾಕಿ ನೋಡೋಣ. ಪ್ರೊಪೆಲ್ಲರ್ ವ್ಯಾಸ 5.6 ಮೀಟರ್, ನಿಮಿಷಕ್ಕೆ ಸುಮಾರು 750 ಸುತ್ತು. ತಿರುಗುವುದರಿಂದಲೇ ತುದಿಗೆ ಸೆಕೆಂಡಿಗೆ 220 ಮೀಟರ್ ವೇಗ. ವಿಮಾನ ಗಂಟೆಗೆ 770 ಕಿ.ಮೀ. ಹೋಗುತ್ತಿದ್ದರೆ ಮುಂದಕ್ಕೆ ಸೆಕೆಂಡಿಗೆ 214 ಮೀಟರ್. ಎರಡೂ ಒಂದಕ್ಕೊಂದು ಲಂಬ ದಿಕ್ಕಿನವು, ನೇರವಾಗಿ ಕೂಡುವಂತಿಲ್ಲ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 300 ಮೀಟರ್ ದಾಟುತ್ತದೆ. ಅಷ್ಟು ಎತ್ತರದಲ್ಲಿ ಶಬ್ದದ ವೇಗವೂ ಹೆಚ್ಚುಕಮ್ಮಿ ಅಷ್ಟೇ. ಅಲ್ಲಿಂದ ಮುಂದೆ ಬ್ಲೇಡಿನ ದುಡಿಮೆ ಕುಸಿಯುತ್ತದೆ, ಸದ್ದು ವಿಪರೀತ ಏರುತ್ತದೆ. ಅದನ್ನು ರೂಪಿಸಿದ ಟುಪೊಲೆವ್ ತಂಡ ರೆಕ್ಕೆಗಳನ್ನು ಜೆಟ್‌ನಂತೆ ಹಿಂದಕ್ಕೆ ಬಾಗಿಸಿ, ಪ್ರತಿ ಎಂಜಿನ್‌ಗೆ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್ ಕೂರಿಸಿ ಈ ಗಡಿಯವರೆಗೂ ಹೋಯಿತು. ಅದಕ್ಕೇ ನನಗೆ ಆ ವಿಮಾನ ಅಂದರೆ ಅಷ್ಟು ಗೌರವ.

ಕಿಟಕಿ ಸೀಟು:
ಪ್ರಯಾಣಿಕರ ಕಡೆಯಿಂದ ಒಂದು ಮಾತು. ವೈಕೌಂಟ್ ಗೆದ್ದದ್ದು ಸುಖದಿಂದ. ಪಿಸ್ಟನ್ ವಿಮಾನದಲ್ಲಿ ಇಡೀ ಮೈ ನಡುಗುತ್ತಿತ್ತು. ಇಲ್ಲಿ ಮೇಜಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದರೂ ಬೀಳುತ್ತಿರಲಿಲ್ಲ. ಅದರ ಮೊಟ್ಟೆಯಾಕಾರದ ಕಿಟಕಿಗಳು ಎಷ್ಟು ದೊಡ್ಡವು! ಇವತ್ತಿನ ಎಷ್ಟೋ ಜೆಟ್‌ಗಳಲ್ಲಿ ಅಂಥ ಕಿಟಕಿ ಇಲ್ಲ. ಹೊರಗೆ ನಿಂತವರ ಕಿವಿಗೆ ಮಾತ್ರ ಡಾರ್ಟ್‌ನ ಕೀರಲು ಸದ್ದು ಸಹಿಸೋದು ಕಷ್ಟ.

ಮೋಡದಾಚೆ:
ಗೇರ್‌ಬಾಕ್ಸ್ ವಿಷಯ ಬಂತಲ್ಲ, ಅದನ್ನೇ ಹಿಡಿಯುತ್ತೇನೆ. 1954ರ ಫೆಬ್ರವರಿಯಲ್ಲಿ ಬ್ರಿಟಾನಿಯಾ ಪರೀಕ್ಷಾ ವಿಮಾನದ ಒಂದು ಎಂಜಿನ್‌ನ ಗೇರ್ ಮುರಿದು ಬೆಂಕಿ ಹತ್ತಿತು. ಸೆವರ್ನ್ ನದೀಮುಖದ ಕೆಸರಲ್ಲಿ ಇಳಿಸಬೇಕಾಯಿತು. ಎಲ್ಲರೂ ಬದುಕಿದರು. ಅಮೆರಿಕದ ಟರ್ಬೊಪ್ರಾಪ್ ಲಾಕ್‌ಹೀಡ್ ಎಲೆಕ್ಟ್ರಾ ಪ್ರಯಾಣಿಕರಿಗೆ ಆ ಅದೃಷ್ಟ ಇರಲಿಲ್ಲ. 1959ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್, 1960ರ ಮಾರ್ಚ್‌ನಲ್ಲಿ ಇಂಡಿಯಾನಾ, ಎರಡು ಕಡೆಯೂ ಹಾರುತ್ತಿರುವಾಗಲೇ ರೆಕ್ಕೆ ಕಿತ್ತು ಬಂತು. ರೆಕ್ಕೆಯ ಮುಂದೆ ಭಾರೀ ಪ್ರೊಪೆಲ್ಲರ್ ತಿರುಗದಿದ್ದರೆ ಹೀಗಾಗುತ್ತಿರಲಿಲ್ಲ.

ಸ್ಪ್ಯಾನರ್:
ಕಾರಣವನ್ನು ಪೂರ್ತಿ ಹೇಳೋಣ. ಎಂಜಿನ್ ಕೂರಿಸಿದ ಆಧಾರ ಸಡಿಲವಾದಾಗ, ತಿರುಗುವ ಪ್ರೊಪೆಲ್ಲರ್ ಬುಗುರಿ ತಲೆ ತೂಗಿದಂತೆ ಓಲಾಡಲು ಶುರುಮಾಡುತ್ತದೆ. ಆ ಓಲಾಟದ ಲಯ ರೆಕ್ಕೆ ಬಳುಕುವ ಲಯಕ್ಕೆ ಕೂಡಿಬಂದರೆ ಕ್ಷಣಗಳಲ್ಲಿ ರೆಕ್ಕೆ ಮುರಿಯುತ್ತದೆ. ಕಾರಣ ಸಿಕ್ಕ ಮೇಲೆ ಎಂಜಿನ್ ಆಧಾರ, ರೆಕ್ಕೆ ಎರಡನ್ನೂ ಬಲಪಡಿಸಿದರು. ಅದೇ ವಿನ್ಯಾಸದಿಂದ ಹುಟ್ಟಿದ ಪಿ-3 ಓರಿಯನ್ ದಶಕಗಟ್ಟಲೆ ಸಮುದ್ರ ಕಾವಲು ಮಾಡಿದೆ.

ಪೈಲಟ್‌ಗಳು ಎಲೆಕ್ಟ್ರಾ ಇಷ್ಟಪಟ್ಟದ್ದಕ್ಕೂ ಇದೇ ಪ್ರೊಪೆಲ್ಲರ್ ಕಾರಣ. ಅದರ ಎಂಜಿನ್ ಹಾರಾಟದ ಉದ್ದಕ್ಕೂ ಒಂದೇ ವೇಗದಲ್ಲಿ ತಿರುಗುತ್ತದೆ. ಶಕ್ತಿ ಬೇಕೆಂದಾಗ ಇಂಧನ ಹೆಚ್ಚುತ್ತದೆ, ಬ್ಲೇಡಿನ ಕೋನ ಬದಲಾಗುತ್ತದೆ, ತಕ್ಷಣ ನೂಕು ಸಿಗುತ್ತದೆ. ಬ್ಲೇಡ್ ತಳ್ಳಿದ ಗಾಳಿ ರೆಕ್ಕೆಯ ಮೇಲೆ ಹರಿದು ಎತ್ತುವ ಬಲವೂ ಕೂಡಲೇ ಏರುತ್ತದೆ. ಆಗಿನ ಜೆಟ್‌ಗಳಲ್ಲಿ ಲಿವರ್ ಮುಂದೆ ತಳ್ಳಿ ಎಂಜಿನ್ ವೇಗ ಹಿಡಿಯಲು ಹಲವು ಸೆಕೆಂಡು ಕಾಯಬೇಕಿತ್ತು. ನೆಲಕ್ಕೆ ಹತ್ತಿರ ಇರುವಾಗ ಅದು ಬಹಳ ದೊಡ್ಡ ಕಾಲ.

ರೆಕ್ಕೆಪುಕ್ಕ:
ದೂರದ ಲೆಕ್ಕವೂ ಇದೆ. 400 ಕಿ.ಮೀ. ಹೋಗಲು ಟರ್ಬೊಪ್ರಾಪ್‌ಗೆ ಗಂಟೆಗೆ 500ರಂತೆ 48 ನಿಮಿಷ, ಜೆಟ್‌ಗೆ 900ರಂತೆ 27 ನಿಮಿಷ. ಉಳಿದದ್ದು 21 ನಿಮಿಷ, ಅದೂ ಕಾಗದದ ಮೇಲೆ. ಜೆಟ್ ಮೇಲೇರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು. ಕೆಳಮಟ್ಟದಲ್ಲಿ ಅದು ಕುಡಿಯುವ ಇಂಧನವೂ ಜಾಸ್ತಿ. 1955ರಲ್ಲಿ ಹಾರಿದ ಟರ್ಬೊಪ್ರಾಪ್ ಫೊಕ್ಕರ್ ಎಫ್27 ಅನ್ನು 1980ರ ದಶಕದವರೆಗೂ ತಯಾರಿಸುತ್ತಲೇ ಇದ್ದದ್ದು ಸುಮ್ನೆ ಅಲ್ಲ.

ಕಿಟಕಿ ಸೀಟು:
ಒಂದು ಅನುಮಾನ. ಈಗಿನ ಜೆಟ್ ಎಂಜಿನ್ ಮುಂದೆ ಅಷ್ಟು ದೊಡ್ಡ ಫ್ಯಾನ್ ಇರುತ್ತದಲ್ಲ, ಅದೂ ಒಂಥರ ಪ್ರೊಪೆಲ್ಲರೇ ಅಲ್ವಾ?

ರೆಕ್ಕೆಪುಕ್ಕ:
ಹೌದು! ಹೆಚ್ಚಿನ ಗಾಳಿ ಎಂಜಿನ್ ಒಳಗೆ ಉರಿಯದೆ ಪಕ್ಕದಿಂದಲೇ ಹೋಗುತ್ತದೆ. ಜೆಟ್‌ನವರೇ ನಮ್ಮ ದಾರಿಗೆ ಬಂದಿದ್ದಾರೆ.

ಮೋಡದಾಚೆ:
ಅಷ್ಟು ಬೇಗ ಗೆದ್ದೆ ಅನ್ನಬೇಡಿ. ಆ ಫ್ಯಾನ್ ಸುತ್ತ ಒಂದು ಕವಚ ಇದೆ. ಒಳಗೆ ಬರುವ ಗಾಳಿಯನ್ನು ಅದರ ಬಾಯಿಯೇ ನಿಧಾನ ಮಾಡಿ ಫ್ಯಾನ್‌ಗೆ ಕೊಡುತ್ತದೆ. ಸ್ಪ್ಯಾನರ್ ಅವರು ಲೆಕ್ಕ ಹಾಕಿದ 214 ಮೀಟರ್ ವೇಗವನ್ನು ಟು-114ರ ಬ್ಲೇಡ್ ಪೂರ್ತಿ ಎದುರಿಸಬೇಕಿತ್ತು. ಗಂಟೆಗೆ 900 ಕಿ.ಮೀ. ಹೋದರೂ ಈ ಫ್ಯಾನ್‌ಗೆ ಆ ಪೂರ್ತಿ ಹೊಡೆತ ಬೀಳುವುದಿಲ್ಲ. ಬಯಲಲ್ಲಿ ತಿರುಗುವ ಬ್ಲೇಡಿಗೆ ಆ ರಕ್ಷಣೆ ಕೊಡಿ, ಆಮೇಲೆ ಎರಡೂ ಒಂದೇ ಅಂತ ನಾನೂ ಒಪ್ಪುತ್ತೇನೆ.