ಮಂಗಳೂರಿನಿಂದ ಕಾರವಾರಕ್ಕೆ ಕ್ಯಾರವಾನ್: ರಾತ್ರಿ ಎಸಿ, ನೀರು, ನಿಲುಗಡೆ ಹೇಗೆ?

ಮೈಸೂರು_ನಿವೃತ್ತ:
ನನಗೆ 64, ನನ್ನಾಕೆಗೆ 61. ಡಿಸೆಂಬರಿನಲ್ಲಿ ಹತ್ತು ದಿನ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮಂಗಳೂರಿನಿಂದ ಕಾರವಾರದವರೆಗೆ ಹೋಗುವ ಯೋಚನೆ. ಗಾಡಿ ಟ್ರಾವೆಲರ್ ವ್ಯಾನಿನ ಮೇಲೆ ಕಟ್ಟಿದ ಕ್ಯಾರವಾನ್, ಅಂದರೆ ಒಳಗೇ ಮಲಗುವಂತೆ ಮಾಡಿದ್ದು. 12 ವೋಲ್ಟಿನ 200 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ, ಮೇಲೆ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್, ಮುಕ್ಕಾಲು ಟನ್ನಿನ ಇನ್ವರ್ಟರ್ ಎಸಿ, 100 ಲೀಟರ್ ನೀರಿನ ಟ್ಯಾಂಕ್, ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಡಬ್ಬಿಯನ್ನು ಎಳೆದು ತೆಗೆದು ಖಾಲಿ ಮಾಡುವಂಥದ್ದು). ರಾತ್ರಿಯಿಡೀ ಎಸಿ ಓಡುತ್ತದೆ ಎಂದು ಕಟ್ಟಿಕೊಟ್ಟವರು ಹೇಳುತ್ತಾರೆ, ನಿಜವೇ? ಬೀಚ್ ಪಕ್ಕದಲ್ಲೇ ನಿಲ್ಲಿಸಿ ಮಲಗಬಹುದೇ? ಟಾಯ್ಲೆಟ್ ಎಲ್ಲಿ ಖಾಲಿ ಮಾಡಬೇಕು? ಆಕೆ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ವ್ಯಾನ್_ವೈರಿಂಗ್:
ಓಡುವುದಿಲ್ಲ ಸರ್. ಲೆಕ್ಕ ನೋಡಿ. 12.8 ವೋಲ್ಟ್ × 200 ಎಎಚ್ ಅಂದರೆ 2,560 ವ್ಯಾಟ್ ಅವರ್. ಹತ್ತು ಪರ್ಸೆಂಟ್ ಕೆಳಗೆ ಉಳಿಸಿದರೆ ಕೈಗೆ ಸಿಗುವುದು ಸುಮಾರು 2,300. ಮುಕ್ಕಾಲು ಟನ್ನಿನ ಎಸಿ ಗಾಡಿ ತಣ್ಣಗಾದ ಮೇಲೆ ಸರಾಸರಿ 450 ವ್ಯಾಟ್ ಎಳೆದರೂ, ಬ್ಯಾಟರಿ ಕರೆಂಟನ್ನು ಮನೆ ಕರೆಂಟಾಗಿಸುವ ಇನ್ವರ್ಟರಿನಲ್ಲಿ ಹೋಗುವ ನಷ್ಟ ಸೇರಿ ಗಂಟೆಗೆ 500. ನಾಲ್ಕೂವರೆ ಗಂಟೆಗೆ ಬ್ಯಾಟರಿ ಮಲಗುತ್ತದೆ. ಹತ್ತಕ್ಕೆ ಹಾಕಿದರೆ ಎರಡೂವರೆಗೆ ನೀವು ಬೆವರುತ್ತಾ ಏಳುತ್ತೀರಿ, ಫ್ರಿಜ್ಜೂ ನಿಂತಿರುತ್ತದೆ. ಇನ್ಸುಲಿನ್ ಇರುವ ಗಾಡಿಯಲ್ಲಿ ಇದು ಬೇಡ.

ಸೋಲಾರ್ 400 ವ್ಯಾಟ್ ಎಂದು ಬರೆದಿದ್ದರೂ ಚಪ್ಪಟೆಯಾಗಿ ಮಲಗಿಸಿದ ಪ್ಯಾನೆಲ್ಲಿಗೆ ಡಿಸೆಂಬರಿನ ಓರೆ ಬಿಸಿಲು, ಮೇಲೆ ಧೂಳು. ದಿನಕ್ಕೆ 1,200–1,400 ವ್ಯಾಟ್ ಅವರ್ ಬಂದರೆ ಪುಣ್ಯ. ಅದರಲ್ಲಿ ಫ್ರಿಜ್ಜಿಗೆ 500 ಹೋಯಿತು. ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಈ ಬ್ಯಾಟರಿ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಗಂಟೆಗೆ 400ರ ಹತ್ತಿರ ಕೊಡುತ್ತದೆ, ಆದರೆ ಈ ದಾರಿಯಲ್ಲಿ ನೀವು ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಓಡಿಸುವುದೇ ಇಲ್ಲ. ಮಂಗಳೂರು–ಕಾರವಾರ ಒಟ್ಟು ಸುಮಾರು 270 ಕಿ.ಮೀ. ಅಷ್ಟೇ.

ಹಾಗಾಗಿ ಎಸಿ ಬೇಕಾದ ರಾತ್ರಿ ಪ್ಲಗ್ ಬೇಕು. ಉಳಿದ ರಾತ್ರಿಗೆ ಚಾವಣಿಯ 12 ವೋಲ್ಟ್ ಫ್ಯಾನ್, ಎರಡು ಕಿಟಕಿಗೆ ಸೊಳ್ಳೆ ಬಲೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ತಂಪಿರುತ್ತದೆ, ಸಾಕಾಗುತ್ತದೆ.

ಅಘನಾಶಿನಿ_ದಂಡೆ:
ಮೇಲಿನವರು ಹೇಳಿದ್ದು ಸರಿ. ಅದಕ್ಕೇ ಮೊದಲು ರಾತ್ರಿಯ ಜಾಗ ಗೊತ್ತು ಮಾಡಿಕೊಳ್ಳಿ ಮಾರಾಯ್ರೆ, ನೋಡುವ ಜಾಗ ಆಮೇಲೆ. ಅಂಗಳ ಇರುವ ಹೋಂಸ್ಟೇ ಅಥವಾ ಲಾಡ್ಜಿಗೆ ಮೊದಲೇ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಮೂರು ಮೀಟರ್ ಎತ್ತರದ ಗಾಡಿ ಗೇಟಿನೊಳಗೆ ಬರುತ್ತದೆಯೇ, 15 ಆಂಪಿಯರ್ ಪ್ಲಗ್ ಅಂಗಳದಿಂದ ಎಷ್ಟು ದೂರ, ಹೊರಗೆ ಟಾಯ್ಲೆಟ್ ಇದೆಯೇ. ಗಾಡಿಯ ಎತ್ತರವನ್ನು ಎಸಿಯ ತಲೆಯಿಂದ ಟೇಪು ಹಿಡಿದು ಅಳೆದು, ಸ್ಟೀರಿಂಗ್ ಎದುರಿಗೆ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಯ ಬಾಯಲ್ಲಿ ನಿಂತು ಯೋಚಿಸುವಂತಾಗಬಾರದು.

ಕಾಪು ಅಥವಾ ಮಲ್ಪೆ ಕಡೆ ಎರಡು ರಾತ್ರಿ, ಮರವಂತೆ–ಬೈಂದೂರು ನಡುವೆ ಒಂದು, ಮುರ್ಡೇಶ್ವರ ಒಂದು, ಹೊನ್ನಾವರದ ಕಾಸರಕೋಡು ಎರಡು, ಗೋಕರ್ಣ ಎರಡು, ಕಾರವಾರ ಒಂದು. ಯಾವ ದಿನವೂ ಎಂಬತ್ತು ಕಿ.ಮೀ. ದಾಟುವುದಿಲ್ಲ. ಗೋಕರ್ಣದ ರಥಬೀದಿಗೆ ಈ ಗಾಡಿ ತರಬೇಡಿ, ಊರ ಹೊರಗೇ ಬಿಟ್ಟು ರಿಕ್ಷಾ ಹಿಡಿಯಿರಿ. ಉಡುಪಿಯ ರಥಬೀದಿಗೂ ಇದೇ ಮಾತು.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಚಂದ ಹೌದು, ಆದರೆ ಅದು ಲಾರಿ ಓಡುವ ಹೆದ್ದಾರಿ. ಅಂಚಿಗೆ ಇಳಿಸಿ ಮಲಗುವ ಜಾಗ ಅಲ್ಲ. ಮರಳಿಗಂತೂ ಚಕ್ರ ಇಳಿಸಲೇಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಮರಳು ಮೂರೂವರೆ ಟನ್ನಿಗೆ ಕುಸಿಯುತ್ತದೆ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಹಿಂದಿನ ಚಕ್ರ ಗುಂಡಿ ತೋಡಿಕೊಂಡು ಆಕ್ಸಲ್ ಮರಳಿಗೆ ಕೂರುತ್ತದೆ. ಚಕ್ರದ ಮುಂದಿನ ಮರಳು ಬಾಚಿ, ಹಲಗೆ ಕೊಟ್ಟು, ಎರಡನೇ ಗೇರಿನಲ್ಲಿ ನಿಧಾನ ತೆಗೆಯಬೇಕು.

ಘಟ್ಟದ ಮೇಲಿನವರು ಮರೆಯುವ ಇನ್ನೊಂದು ವಿಷಯ: ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ನೆರಳು ಸಿಕ್ಕಿತು ಅಂತ ಎಲ್ಲರೂ ಅಲ್ಲೇ ನುಗ್ಗಿಸುತ್ತಾರೆ. ಒಣಗಿದ ಮಡಲು ಬಿದ್ದರೇ ಸೋಲಾರ್ ಗಾಜು ಒಡೆಯಬಹುದು, ಕಾಯಿ ಬಿದ್ದರೆ ಕೇಳುವುದೇ ಬೇಡ. ತಲೆ ಎತ್ತಿ ಗೊನೆ ನೋಡಿ, ಮರದ ಬುಡದಿಂದ ನಾಲ್ಕೈದು ಮೀಟರ್ ಆಚೆ ನಿಲ್ಲಿಸಿ.

ನೀರು_ಕೊಳಾಯಿ:
ಕ್ಯಾಸೆಟ್ ಸಾಮಾನ್ಯವಾಗಿ 18–20 ಲೀಟರ್. ಇಬ್ಬರಿಗೆ ಎರಡು ದಿನ, ಹೆಚ್ಚೆಂದರೆ ಮೂರು. ಮುಕ್ಕಾಲು ತುಂಬುತ್ತಿದ್ದಂತೆ ಖಾಲಿ ಮಾಡಿ. ತುಂಬಿದ ಕ್ಯಾಸೆಟ್ ಇಪ್ಪತ್ತು ಕೇಜಿ ದಾಟುತ್ತದೆ, ಈ ವಯಸ್ಸಿನಲ್ಲಿ ಬಗ್ಗಿ ಎತ್ತಿದರೆ ಸೊಂಟಕ್ಕೆ ಕಷ್ಟ. ಸುರಿಯಬೇಕಾದದ್ದು ಕಮೋಡಿಗೆ ಮಾತ್ರ, ನಿಧಾನವಾಗಿ, ಗಾಳಿ ಬಿಡುವ ಗುಂಡಿ ಒತ್ತಿ ಹಿಡಿದು. ಇಲ್ಲವಾದರೆ ಗಳಗಳ ಎಂದು ಮೈಮೇಲೆ ಹಾರುತ್ತದೆ. ಆಮೇಲೆ ಎರಡು ಲೀಟರ್ ನೀರು ಹಾಕಿ ಕುಲುಕಿ ಮತ್ತೆ ಸುರಿಯಿರಿ. ಹಳ್ಳಿ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಫಾರ್ಮಾಲ್ಡಿಹೈಡ್ ಇರುವ ನೀಲಿ ದ್ರಾವಣ ಬೇಡ. ಅದು ಟ್ಯಾಂಕಿನಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಎಂಜೈಮ್ ಪುಡಿ ಬಳಸಿ, ಮನೆಯವರನ್ನು ಕೇಳಿಯೇ ಸುರಿಯಿರಿ.

ನೀರು ದಿನಕ್ಕೆ ಇಬ್ಬರಿಗೆ 35–40 ಲೀಟರ್ ಹಿಡಿಯುತ್ತದೆ. ತುಂಬಿಸುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿ ನೋಡಿ, ಕಡಲಿಗೆ ಹತ್ತಿರದ ಕೆಲವು ಬಾವಿಗಳಲ್ಲಿ ನೀರು ಉಪ್ಪು. ಕುಡಿಯುವುದಕ್ಕೆ ಕ್ಯಾನ್ ಬೇರೆಯೇ ಇರಲಿ.

ಮೈಸೂರು_ನಿವೃತ್ತ:
ತುಂಬಾ ಉಪಕಾರವಾಯಿತು. ಹೋಂಸ್ಟೇ ಪ್ಲಗ್ಗಿಗೆ ಸಿಕ್ಕಿಸುವಾಗ ಏನು ನೋಡಬೇಕು?

ವ್ಯಾನ್_ವೈರಿಂಗ್:
ಅರ್ತಿಂಗ್. ಕರಾವಳಿಯ ಮುರಕಲ್ಲು ನೆಲ ಒಣಗಿದರೆ ಅರ್ತ್ ಗುಂಡಿ ಹೆಸರಿಗೆ ಮಾತ್ರ. ಸಾಕೆಟ್ ಟೆಸ್ಟರ್ ಒಂದು ಇಟ್ಟುಕೊಳ್ಳಿ, ಅರ್ತ್ ತಂತಿಯೇ ಸೇರಿಸಿಲ್ಲದ್ದನ್ನು, ಫೇಸ್ ಅದಲುಬದಲಾದದ್ದನ್ನು ಅದು ತೋರಿಸುತ್ತದೆ. ಗುಂಡಿ ದುರ್ಬಲವಾಗಿರುವುದನ್ನು ತೋರಿಸುವುದಿಲ್ಲ, ಅದಕ್ಕೆ ಗಾಡಿಯೊಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲೇಬೇಕು. ವೈರು 2.5 ಸ್ಕ್ವೇರ್ ಎಂಎಂ ತಾಮ್ರದ್ದು, ಇಪ್ಪತ್ತು ಮೀಟರ್. ಸುತ್ತಿದ ರೀಲಿನಲ್ಲೇ ಎಸಿ ಓಡಿಸಬೇಡಿ, ಪೂರ್ತಿ ಬಿಚ್ಚಿ. ಒಳಸುತ್ತಿನ ಶಾಖ ಹೊರಹೋಗದೆ ಇನ್ಸುಲೇಶನ್ ಕರಗುತ್ತದೆ. ವೋಲ್ಟೇಜ್ 190ಕ್ಕಿಂತ ಕೆಳಗಿದ್ದರೆ ಎಸಿ ಬಿಡಿ, ಬ್ಯಾಟರಿ ಮಾತ್ರ ಚಾರ್ಜ್ ಆಗಲಿ.

ಮಣಿಪಾಲ_ಫಾರ್ಮಸಿ:
ತೆರೆಯದ ಇನ್ಸುಲಿನ್ 2–8 ಡಿಗ್ರಿಯಲ್ಲಿರಬೇಕು. 12 ವೋಲ್ಟಿನ ಚಿಕ್ಕ ಫ್ರಿಜ್ಜಿನಲ್ಲಿ ಅಪಾಯ ಬಿಸಿಗಿಂತ ಹೆಪ್ಪುಗಟ್ಟುವುದರದ್ದು. ಗೋಡೆಗೆ ತಾಗಿಸದೆ, ಡಬ್ಬಿಯೊಳಗೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಬಳಸುವಂತಿಲ್ಲ. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿಯೊಳಗೆ ಹೊರಗಿರಬಹುದು, ಎಷ್ಟು ದಿನ ಎಂಬುದು ಅದರ ಚೀಟಿಯಲ್ಲಿರುತ್ತದೆ. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಮಾತ್ರ ಅದನ್ನು ಬಿಡಬೇಡಿ. ದೊಡ್ಡ ಆಸ್ಪತ್ರೆ ಮಣಿಪಾಲದಲ್ಲಿ, ಅಲ್ಲಿಂದ ಉತ್ತರಕ್ಕೆ ಹೋದರೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು, ಆಮೇಲೆ ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜೇ. ಮಾತ್ರೆಗಳನ್ನು ಹದಿನೈದು ದಿನಕ್ಕಾಗುವಷ್ಟು ಒಯ್ಯಿರಿ.

ಅಘನಾಶಿನಿ_ದಂಡೆ:
ಗ್ಯಾಸಿನ ಬಗ್ಗೆ ಯಾರೂ ಹೇಳಲಿಲ್ಲ. ಗಾಡಿ ಹೊರಡುವಾಗ ರೆಗ್ಯುಲೇಟರ್ ಬಂದ್, ಪ್ರತಿ ಸಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಕೂರುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇದೆಯೇ ಈಗಲೇ ನೋಡಿ, ಕೆಲವರು ಇಲಿ ಬರುತ್ತದೆ ಅಂತ ಮುಚ್ಚಿಸಿರುತ್ತಾರೆ. ಮುಚ್ಚಿದ್ದರೆ ಬಿಡಿಸಿ ಜಾಲರಿ ಹೊಡೆಸಿ.

ಉಪ್ಪು ಗಾಳಿಗೆ ಎರಡು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ಗಾಡಿಯ ಅಡಿ, ಕಿಟಕಿಯ ಹಳಿ, ಎಸಿಯ ಹೊರಭಾಗ ತೊಳೆಯಿರಿ. ಸಾದಾ ಪೈಪು ಸಾಕು, ಪ್ರೆಷರ್ ಪಂಪು ಎಸಿಯ ರೆಕ್ಕೆಗಳನ್ನು ಮಡಚಿಬಿಡುತ್ತದೆ. ಬ್ಯಾಟರಿ ಟರ್ಮಿನಲ್ಲಿಗೆ ಹೊರಡುವ ಮುಂಚೆಯೇ ವ್ಯಾಸಲಿನ್ ಸವರಿ. ಹಸಿರು ಹಿಡಿದ ಮೇಲೆ ಸವರಿದರೆ ಹಸಿರು ಒಳಗೇ ಉಳಿಯುತ್ತದೆ.